ದಂಡ ಬೀಳುವ ಜಾಗ ಬೇರೆ, ಜೀವ ಹೋಗುವ ಜಾಗ ಬೇರೆ

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ಬೆಳಿಗ್ಗೆ ಪೊಲೀಸರು ಬ್ಯಾರಿಕೇಡ್ ಎಳೆದು ನಿಂತರೆ ಆ ಸುದ್ದಿ ಅರ್ಧ ಕಿಲೋಮೀಟರ್ ಮೊದಲೇ ಮುಟ್ಟಿರುತ್ತದೆ. ಎದುರಿನಿಂದ ಬರುವ ಒಬ್ಬ ಲೈಟ್ ಮಿಣುಕಿಸುತ್ತಾನೆ, ಇನ್ನೊಬ್ಬ ತಲೆ ಮುಟ್ಟಿ ಸನ್ನೆ ಮಾಡುತ್ತಾನೆ. ಕನ್ನಡಿಗೆ ಸಿಕ್ಕಿಸಿದ್ದ ಹೆಲ್ಮೆಟ್ ತಲೆಗೇರುತ್ತದೆ. ಬ್ಯಾರಿಕೇಡ್ ದಾಟಿ ಮುಂದಿನ ತಿರುವಿಗೆ ಬರುವಷ್ಟರಲ್ಲಿ ಮತ್ತೆ ಕನ್ನಡಿಗೆ. ಬಕಲ್ ಹಾಕುವ ಮಾತೇ ಇಲ್ಲ. ಸಿಕ್ಕಿಬೀಳುವವರು ಹೆಚ್ಚಾಗಿ ಊರಿನ ಈ ರೂಢಿ ಗೊತ್ತಿಲ್ಲದವರು: ಜಗಳೂರು ಕಡೆಯಿಂದ ಆಸ್ಪತ್ರೆಗೆ ಬಂದವರು, ಎಪಿಎಂಸಿಗೆ ಬಂದ ರೈತರು, ಎಲ್‌ಎಲ್‌ಆರ್ ಕೂಡ ಮಾಡಿಸದ ಕಾಲೇಜು ಹುಡುಗರು.

ಅದೇ ದಿನ ಸಂಜೆ ಏಳರ ಮೇಲೆ ರಾಷ್ಟ್ರೀಯ ಹೆದ್ದಾರಿ 48ರ ಯಾವುದಾದರೂ ಹಳ್ಳಿ ಕ್ರಾಸ್‌ನಲ್ಲಿ ನಿಂತು ನೋಡಿ. ಹಿಂದೆ ಕೆಂಪು ದೀಪವಾಗಲೀ ರೇಡಿಯಂ ಪಟ್ಟಿಯಾಗಲೀ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಹುಲ್ಲು ತುಂಬಿಕೊಂಡು ಹೆದ್ದಾರಿಗೆ ಹತ್ತುತ್ತದೆ. ಮೂವರು ಕೂತ ಬೈಕು ರಾಂಗ್ ಸೈಡಿನಲ್ಲಿ ಅಂಚು ಹಿಡಿದು ಬರುತ್ತದೆ. ಮೇಲಿನಿಂದ ನೂರರ ವೇಗದಲ್ಲಿ ಸ್ಲೀಪರ್ ಬಸ್ಸು, ಕಂಟೇನರು. ಅಲ್ಲಿ ದಂಡ ಹಾಕುವವರು ಕಾಣಸಿಗುವುದು ಅಪರೂಪ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ರಸ್ತೆ ಸುರಕ್ಷತೆಯ ಮೂಲ ತೊಡಕು ಇದೇ ಎಂಬುದು ನನ್ನ ಅಭಿಪ್ರಾಯ. ದಂಡ ಬೀಳುವ ಜಾಗ ಮತ್ತು ಹೊತ್ತು ಒಂದು, ಜೀವ ಹೋಗುವ ಜಾಗ ಮತ್ತು ಹೊತ್ತು ಇನ್ನೊಂದು. ಜಾಗೃತಿಯಂತೂ ಮೂರನೆಯ ಕಡೆ, ಶಾಲೆಯ ಮೈದಾನದಲ್ಲಿ ನಡೆಯುತ್ತದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ. 2023ರಲ್ಲಿ ಅದು 1,72,890ಕ್ಕೆ ಏರಿತು. ಕರ್ನಾಟಕದ ಪಾಲು 11,702ರಿಂದ 12,321ಕ್ಕೆ ಹೋಯಿತು. ಅಂದರೆ ನಮ್ಮ ರಾಜ್ಯದಲ್ಲೇ ದಿನಕ್ಕೆ ಮೂವತ್ತಮೂರು–ಮೂವತ್ತನಾಲ್ಕು ಜನ. 2022ರ ವಿವರ ಬಿಡಿಸಿ ನೋಡಿದರೆ ಸತ್ತವರಲ್ಲಿ ನೂರಕ್ಕೆ ನಲವತ್ತನಾಲ್ಕು ಜನ ದ್ವಿಚಕ್ರ ವಾಹನದಲ್ಲಿದ್ದವರು, ಹತ್ತೊಂಬತ್ತು ಜನ ನಡೆದು ಹೋಗುತ್ತಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಯದು ಶೇ 2ರ ಆಸುಪಾಸು, ಸಾವಿನಲ್ಲಿ ಶೇ 36. ಇದನ್ನು ಎಲ್ಲರೂ ಹೇಳುತ್ತಾರೆ. ಹೇಳದಿರುವುದು ಇನ್ನೊಂದಿದೆ: ರಾಷ್ಟ್ರೀಯ ಹೆದ್ದಾರಿಯೂ ಅಲ್ಲದ, ರಾಜ್ಯ ಹೆದ್ದಾರಿಯೂ ಅಲ್ಲದ ‘ಇತರೆ ರಸ್ತೆ’ಗಳ ಪಾಲು ಅದಕ್ಕಿಂತ ಹೆಚ್ಚು, ಶೇ 39. ಒಟ್ಟು ಸಾವಿನಲ್ಲಿ ಮೂರನೇ ಎರಡರಷ್ಟು ಆಗಿರುವುದು ಗ್ರಾಮೀಣ ಭಾಗದಲ್ಲಿ. ನಗರದ ಸರ್ಕಲ್ಲಿನಲ್ಲಿ ಹೆಲ್ಮೆಟ್ ಹಿಡಿಯುವುದು ತಪ್ಪಲ್ಲ. ಆದರೆ ಇರುವ ಬೆರಳೆಣಿಕೆಯ ಸಿಬ್ಬಂದಿಯನ್ನು ಎಲ್ಲಿ, ಯಾವ ಹೊತ್ತಿನಲ್ಲಿ ನಿಲ್ಲಿಸಬೇಕು ಎಂದು ಈ ಅಂಕಿಗಳನ್ನು ಕೇಳಿದರೆ ಸಿಗುವ ಉತ್ತರ ಗಾಂಧಿ ಸರ್ಕಲ್ ಆಗಿರಲಾರದು.

ನಮ್ಮ ಭಾಗದ ಭೂಗೋಳವೂ ಹಾಗಿದೆ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಐಮಂಗಲ, ಚಿತ್ರದುರ್ಗ, ಭರಮಸಾಗರ, ಆನಗೋಡು, ದಾವಣಗೆರೆ, ಹರಿಹರ ಹಾಯ್ದು ಹೋಗುತ್ತದೆ. ಹಿರಿಯೂರಿನಲ್ಲಿ ಬಳ್ಳಾರಿ ರಸ್ತೆ ಚಳ್ಳಕೆರೆ ಕಡೆಗೆ ಕವಲೊಡೆಯುತ್ತದೆ, ಚಿತ್ರದುರ್ಗದಲ್ಲಿ ಹೊಸಪೇಟೆ ರಸ್ತೆ ಉತ್ತರಕ್ಕೆ, ಹೊಳಲ್ಕೆರೆ ಮೇಲೆ ಶಿವಮೊಗ್ಗ ರಸ್ತೆ ಪಶ್ಚಿಮಕ್ಕೆ. ದಿನವಿಡೀ ಅದಿರು ಲಾರಿ, ಈರುಳ್ಳಿ ಲಾರಿ, ಕಬ್ಬಿನ ಟ್ರ್ಯಾಕ್ಟರ್. ರಾತ್ರಿಯಾದರೆ ಬೆಂಗಳೂರಿನಿಂದ ಉತ್ತರ ಕರ್ನಾಟಕಕ್ಕೆ, ಗೋವಾ–ಮುಂಬೈಗೆ ಹೋಗುವ ಬಸ್ಸುಗಳ ಸಾಲು. ಇವುಗಳ ಚಾಲಕರಿಗೆ ಆನಗೋಡು ಅನ್ನುವುದು ಕಿಟಕಿಯಲ್ಲಿ ಒಂದು ಕ್ಷಣ ಹಾದುಹೋಗುವ ಹಸಿರು ಬೋರ್ಡು. ಆನಗೋಡಿನವರಿಗೆ ಅದೇ ರಸ್ತೆ ಶಾಲೆಗೆ, ಡೇರಿಗೆ, ಹೊಲಕ್ಕೆ ಹೋಗುವ ದಾರಿ. ಒಂದೇ ಡಾಂಬರಿನ ಮೇಲೆ ಎರಡು ಬಗೆಯ ಬದುಕು, ಎರಡು ಬಗೆಯ ವೇಗ.

ಹೆದ್ದಾರಿ ಮೊದಲು ಚತುಷ್ಪಥವಾಯಿತು, ಆಮೇಲೆ ಷಟ್ಪಥ. ಪ್ರತಿ ಸಲ ಅಗಲವಾದಾಗಲೂ ಹಳ್ಳಿ ಒಂದು ಕಡೆ, ಹೊಲ ಇನ್ನೊಂದು ಕಡೆ ಆಗುವುದು ಗಟ್ಟಿಯಾಯಿತು. ಎತ್ತು ಹೊಡೆದುಕೊಂಡು ಎರಡು ನಿಮಿಷದಲ್ಲಿ ದಾಟುತ್ತಿದ್ದ ಜಾಗದಲ್ಲಿ ಈಗ ಡಿವೈಡರ್. ಅಂಡರ್‌ಪಾಸ್ ಇರುವುದು ಮುಂದೆ ಎಲ್ಲೋ, ಮಳೆಗಾಲದಲ್ಲಿ ಅದರೊಳಗೆ ಮೊಣಕಾಲುದ್ದ ನೀರು. ಆಗ ಊರಿನವರು ಏನು ಮಾಡುತ್ತಾರೆ? ಡಿವೈಡರ್‌ನ ಕಲ್ಲು ಕಿತ್ತು ಬೈಕು ನುಸುಳುವಷ್ಟು ಸಂದಿ ಮಾಡುತ್ತಾರೆ. ಹೆದ್ದಾರಿಯವರು ಬಂದು ಮುಚ್ಚುತ್ತಾರೆ, ಹದಿನೈದು ದಿನಕ್ಕೆ ಮತ್ತೆ ಕಿತ್ತಿರುತ್ತದೆ. ಸಂದಿ ಇಲ್ಲದ ಕಡೆ ರಾಂಗ್ ಸೈಡೇ ಗತಿ. ಎರಡು ಕಿಲೋಮೀಟರ್ ಸುತ್ತಿ ಯೂ ಟರ್ನ್ ಮಾಡಿಕೊಂಡು ಬನ್ನಿ ಎಂದು ಹಾಲಿನ ಕ್ಯಾನ್ ಕಟ್ಟಿಕೊಂಡು ಹೊರಟವನಿಗೆ ಹೇಳಿದರೆ, ‘ಪೆಟ್ರೋಲಿಗೆ ನೀವು ಕೊಡ್ತೀರೇನ್ ಸಾರ್?’ ಅನ್ನುತ್ತಾನೆ. ಅವನ ಮಾತಿನಲ್ಲಿ ಉಡಾಫೆ ಇದೆ, ಲೆಕ್ಕವೂ ಇದೆ. ಹೀಗೆ ದಾಟುವಾಗ ಸತ್ತವನ ಎಫ್‌ಐಆರ್‌ನಲ್ಲಿ ಬರೆಯುವುದು ‘ಅತಿವೇಗ ಮತ್ತು ಅಜಾಗರೂಕತೆ’ ಎಂದು. ಅಂಡರ್‌ಪಾಸಿನ ನೀರಿನ ಹೆಸರು ಯಾವ ಎಫ್‌ಐಆರ್‌ನಲ್ಲೂ ಬರುವುದಿಲ್ಲ.

ಇಂಥ ಕಡೆ ಪೊಲೀಸರೊಬ್ಬರೇ ಬಂದು ದಂಡ ಹಾಕಿದರೂ ಉಪಯೋಗವಿಲ್ಲ, ಸ್ವಯಂಸೇವಾ ಸಂಸ್ಥೆಯೊಂದೇ ಬಂದು ಕರಪತ್ರ ಹಂಚಿದರೂ ಉಪಯೋಗವಿಲ್ಲ. ಎಂಜಿನಿಯರು, ಪೊಲೀಸು, ಊರಿನವರು ಮೂವರೂ ಆ ಸಂದಿಯ ಮುಂದೆ ಒಟ್ಟಿಗೆ ನಿಂತು ಮಾತಾಡಬೇಕು. ಅಂಡರ್‌ಪಾಸಿನ ನೀರು ಹೋಗಿಸಿದ ಮೇಲೆ, ಸರ್ವಿಸ್ ರೋಡನ್ನು ಎರಡೂ ಕಡೆ ಪೂರ್ತಿ ಮಾಡಿದ ಮೇಲೆ ರಾಂಗ್ ಸೈಡಿಗೆ ಹಾಕುವ ದಂಡಕ್ಕೆ ಊರಿನಲ್ಲೇ ಬೆಂಬಲ ಸಿಗುತ್ತದೆ. ಅದಕ್ಕೆ ಮೊದಲು ಹಾಕುವ ದಂಡ ಹೊಲಕ್ಕೆ ಹೋಗುವುದಕ್ಕೆ ಕಟ್ಟುವ ಸುಂಕ ಅಷ್ಟೆ.

ಸುಗ್ಗಿಯ ಕಾಲದಲ್ಲಿ ನಮ್ಮ ಭಾಗದ ಇನ್ನೊಂದು ಸಮಸ್ಯೆ ಎದ್ದು ಕಾಣುತ್ತದೆ. ದಾವಣಗೆರೆ ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳದ್ದೇ ರಾಜ್ಯ. ಚಿತ್ರದುರ್ಗದ ಕಡೆ ರಾಗಿ, ಸಾವೆ, ಹುರುಳಿ, ತೊಗರಿಯೂ ಸೇರಿಕೊಳ್ಳುತ್ತವೆ. ಕಣ ಮಾಡುವ ಪದ್ಧತಿ ಹೋಗಿ ಯಾವ ಕಾಲವಾಯಿತೋ. ಈಗ ಡಾಂಬರು ರಸ್ತೆಯೇ ಕಣ. ಒಂದು ಬದಿಯ ಉದ್ದಕ್ಕೂ ಮೆಕ್ಕೆಜೋಳ ಹರವಿರುತ್ತಾರೆ, ಹುರುಳಿ–ರಾಗಿಯ ತೆನೆಯಾದರೆ ರಸ್ತೆ ತುಂಬಾ ಹಾಸಿ ವಾಹನದ ಗಾಲಿಯಲ್ಲೇ ಒಕ್ಕಣೆ ಮುಗಿಸುತ್ತಾರೆ. ಒಣಗಿದ ಕಾಳಿನ ಮೇಲೆ ಬೈಕಿನ ಮುಂದಿನ ಗಾಲಿ ಹತ್ತಿದರೆ ಬ್ರೇಕು ಹಿಡಿದವನೂ ಬೀಳುತ್ತಾನೆ, ಹಿಡಿಯದವನೂ ಬೀಳುತ್ತಾನೆ. ಕಾರಿನ ಅಡಿಗೆ ಹುರುಳಿ ಸೊಪ್ಪು ಸಿಕ್ಕಿಕೊಂಡು ಬೆಂಕಿ ಹತ್ತುವ ಅಪಾಯವೂ ಉಂಟು. ಎಲ್ಲಕ್ಕಿಂತ ಕೆಟ್ಟದ್ದು ಕಲ್ಲು. ರಾಶಿಯ ಮೇಲೆ ವಾಹನ ಹತ್ತದಿರಲಿ ಎಂದು ಸುತ್ತ ದಪ್ಪ ಕಲ್ಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಸಂಜೆ ಕಾಳು ತುಂಬಿಕೊಂಡು ಮನೆಗೆ ಹೋಗುವಾಗ ಕಲ್ಲು ತೆಗೆಯುವುದಿಲ್ಲ. ನಾಳೆ ಮತ್ತೆ ಬೇಕಲ್ಲ! ರಾತ್ರಿ ಎದುರಿನ ಲಾರಿಯ ಲೈಟಿಗೆ ಕಣ್ಣು ಕತ್ತಲಾಗಿ ಬದಿಗೆ ಸರಿದ ಬೈಕಿನವನಿಗೆ ಆ ಕಲ್ಲು ಕಾದಿರುತ್ತದೆ.

ಪ್ರತಿ ವರ್ಷ ಈ ಕಾಲಕ್ಕೆ ಅಧಿಕಾರಿಗಳ ಎಚ್ಚರಿಕೆ ಪತ್ರಿಕೆಯಲ್ಲಿ ಬರುತ್ತದೆ. ರೈತನ ಮೇಲೆ ಕೇಸು ಹಾಕಿಸುವ ಧೈರ್ಯ ಯಾವ ರಾಜಕಾರಣಿಗೂ ಇಲ್ಲ, ಇರಬೇಕೆಂದೂ ನಾನು ಹೇಳುವುದಿಲ್ಲ. ಒಕ್ಕಲು ಕಣ ಇಲ್ಲದಿರುವುದು ನಿಜ, ಅಕಾಲ ಮಳೆಗೆ ಕಾಳು ಬೂಷ್ಟು ಹಿಡಿದರೆ ದರ ಬೀಳುವುದೂ ನಿಜ. ನರೇಗಾದಲ್ಲಿ ಸಮುದಾಯ ಒಕ್ಕಣೆ ಕಣ ಕಟ್ಟಿಕೊಂಡ ಪಂಚಾಯ್ತಿಗಳು ರಾಜ್ಯದಲ್ಲಿವೆ. ಊರಿಗೆ ಒಂದೆರಡು ಅಂಥ ಕಣ, ಶಾಲೆಯ ಹಿಂದಿನ ಖಾಲಿ ಜಾಗ, ಎಪಿಎಂಸಿ ಉಪಮಾರುಕಟ್ಟೆಯ ಕಾಂಕ್ರೀಟ್ ಅಂಗಳ ಇವನ್ನೆಲ್ಲ ಸುಗ್ಗಿಗೆ ಮೊದಲೇ ಹೊಂದಿಸಿಕೊಟ್ಟರೆ ಅರ್ಧ ಸಮಸ್ಯೆ ಕಳೆಯುತ್ತದೆ. ಉಳಿದರ್ಧಕ್ಕೆ ಒಂದೇ ಒಂದು ನಿಯಮ ಗ್ರಾಮಸಭೆಯಲ್ಲಿ ಒಪ್ಪಿಸಿದರೆ ಸಾಕು: ಹೊತ್ತು ಮುಳುಗಿದ ಮೇಲೆ ಕಲ್ಲು ರಸ್ತೆಯಲ್ಲಿ ಇರಕೂಡದು. ಎಲ್ಲವನ್ನೂ ನಿಷೇಧಿಸಿ ಯಾವುದನ್ನೂ ಜಾರಿ ಮಾಡದಿರುವುದಕ್ಕಿಂತ ಕಲ್ಲೊಂದನ್ನು ಹಿಡಿದು ಕೂರುವುದು ವಾಸಿ.

ಇನ್ನು ಜಾಗೃತಿಯ ವಿಷಯ. ಜನವರಿ ಬಂತೆಂದರೆ ರಸ್ತೆ ಸುರಕ್ಷತಾ ಸಪ್ತಾಹ, ಕೆಲವು ವರ್ಷಗಳಿಂದ ಅದು ಮಾಸವೂ ಆಗಿದೆ. ಹೈಸ್ಕೂಲ್ ಮಕ್ಕಳ ಕೈಗೆ ಫಲಕ ಕೊಟ್ಟು ಬಿಸಿಲಲ್ಲಿ ಜಾಥಾ, ಬಲಗೈ ಮುಂದೆ ಚಾಚಿ ಪ್ರತಿಜ್ಞೆ, ಗುಲಾಬಿ ಹೂ ಹಂಚಿಕೆ, ಒಬ್ಬರು ಯಮನ ವೇಷ ಹಾಕಿಕೊಂಡು ಸರ್ಕಲ್ಲಿನಲ್ಲಿ. ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಫಲಕ ಹಿಡಿದ ಮಗು ಮನೆಗೆ ಹೋಗುವುದು ಹನ್ನೆರಡು ಮಕ್ಕಳನ್ನು ತುಂಬಿದ ಆಟೊದಲ್ಲಿ. ಯಮನ ವೇಷ ಕಂಡು ಹೆದರುವಷ್ಟು ಎಳೆಯರು ಗಾಡಿ ಓಡಿಸುವುದಿಲ್ಲ. ಓಡಿಸುವವರಿಗೆ ಯಮ ತಮಾಷೆ.

ಜನರಿಗೆ ಗೊತ್ತಿಲ್ಲದಿರುವುದು ಸಾವಿನ ಭಯವಲ್ಲ. ಅವರಿಗೆ ಗೊತ್ತಿಲ್ಲದಿರುವುದು ಕಾಗದಪತ್ರದ ಸಂಗತಿ, ಮತ್ತು ಅದನ್ನು ಯಾರೂ ಹೇಳುವುದಿಲ್ಲ. ಕಳೆ ತೆಗೆಯಲು, ಅಡಿಕೆ ಸುಲಿಯಲು ಹೆಂಗಸರನ್ನು ಲಗೇಜ್ ಆಟೊದಲ್ಲಿ, ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ತುಂಬಿಕೊಂಡು ಹೋಗುವುದು ಚನ್ನಗಿರಿಯಿಂದ ಚಳ್ಳಕೆರೆಯವರೆಗೆ ದಿನನಿತ್ಯದ ನೋಟ. ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಕೂತವರಿಗೆ ವಿಮಾ ಕಂಪನಿ ಪರಿಹಾರ ಕೊಡುವ ಹೊಣೆ ಸಾಮಾನ್ಯವಾಗಿ ಇರುವುದಿಲ್ಲ. ಗಾಡಿ ಪಲ್ಟಿಯಾಗಿ ಜೀವ ಹೋದರೆ ಹೊಣೆ ಮಾಲೀಕನ ತಲೆಗೆ ಬರುತ್ತದೆ. ಎರಡೆಕರೆ ಹೊಲ, ಸಾಲದ ಟ್ರ್ಯಾಕ್ಟರ್ ಇರುವ ಮಾಲೀಕನಿಂದ ಸತ್ತವರ ಮನೆಯವರಿಗೆ ಎಷ್ಟು ಬಂದೀತು? ಇದನ್ನು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಬ್ಬ ವಕೀಲರು ಅರ್ಧ ಗಂಟೆ ಕೂತು ಬಿಡಿಸಿ ಹೇಳಿದರೆ ಅದರ ಪರಿಣಾಮವೇ ಬೇರೆ. ‘ಟ್ರೇಲರ್ ಬೇಡ, ಸೀಟಿರೋ ಗಾಡಿ ಕಳಿಸ್ರಿ’ ಎಂದು ಕೂಲಿಗೆ ಕರೆಯಲು ಬಂದ ಮೇಸ್ತ್ರಿಗೆ ಹೆಂಗಸರೇ ಹೇಳುವಂತಾಗಬೇಕು. ಕೂಲಿಗೆ ಆಳು ಸಿಗದ ಈ ಕಾಲದಲ್ಲಿ ಆ ಮಾತಿಗೆ ಬೆಲೆಯಿದೆ.

ಹಾಗೆಯೇ ಮಾಲೀಕ–ಚಾಲಕನ ವೈಯಕ್ತಿಕ ಅಪಘಾತ ವಿಮೆ. 2018ರ ಕೊನೆಯಿಂದ ಇದರ ಮೊತ್ತ 15 ಲಕ್ಷ ರೂಪಾಯಿ. ಆದರೆ ಸತ್ತವನ ಬಳಿ ಚಾಲ್ತಿಯಲ್ಲಿರುವ ಡಿಎಲ್ ಇದ್ದಿರಬೇಕು, ಗಾಡಿ ಅವನ ಹೆಸರಿನಲ್ಲಿರಬೇಕು. ಹಳ್ಳಿಗಳಲ್ಲಿ ಸೆಕೆಂಡ್ ಹ್ಯಾಂಡ್ ಬೈಕು ನಾಲ್ಕು ಕೈ ಬದಲಾದರೂ ಆರ್‌ಸಿ ಮೊದಲನೆಯವನ ಹೆಸರಿನಲ್ಲೇ ಇರುತ್ತದೆ. ‘ಇಲ್ಲೇ ಹೊಲಕ್ಕೆ ಹೋಗಿ ಬರಾಕೆ ಡಿಎಲ್ ಯಾಕೆ’ ಅನ್ನುವವನಿಗೆ ಹದಿನೈದು ಲಕ್ಷದ ಲೆಕ್ಕ ಹೇಳಿ ನೋಡಿ. ಹದಿನೆಂಟು ತುಂಬದ ಮಗನ ಕೈಗೆ ಬೈಕು ಕೊಟ್ಟ ಅಪ್ಪನಿಗೂ ಇಂಥದೇ ಲೆಕ್ಕ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಡಿಎಲ್ ಇಲ್ಲ. 25,000ದ ದಂಡವನ್ನು ರಾಜ್ಯದ ಹಲವು ನ್ಯಾಯಾಲಯಗಳು ವಿಧಿಸಿಯೂ ಇವೆ. ದಂಡದ ಸುದ್ದಿ ಊರಿಂದೂರಿಗೆ ಹಬ್ಬುತ್ತದೆ, ಇಪ್ಪತ್ತೈದು ವರ್ಷದ ಷರತ್ತು ಮಾತ್ರ ಹಬ್ಬುವುದಿಲ್ಲ. ಪೊಲೀಸ್ ಪರೀಕ್ಷೆಗೋ ಚಾಲಕನ ಕೆಲಸಕ್ಕೋ ಓದುತ್ತಿರುವ ಹುಡುಗರಿಗೆ ನಿಜವಾಗಿ ತಟ್ಟುವುದು ಅದೇ.

ಜಾರಿಯ ಕಡೆಗೆ ಬಂದರೆ, ದಂಡದ ಮೊತ್ತಕ್ಕಿಂತ ಸಿಕ್ಕಿಬೀಳುವ ಖಾತ್ರಿ ಮುಖ್ಯ ಎಂಬುದು ಅಪರಾಧಶಾಸ್ತ್ರದ ಹಳೆಯ ಪಾಠ. ಕೇಂದ್ರದ ಕಾಯ್ದೆಯಲ್ಲಿ 1,000 ಇದ್ದ ಹೆಲ್ಮೆಟ್ ದಂಡವನ್ನು ರಾಜ್ಯ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲೇ 500ಕ್ಕೆ ಇಳಿಸಿತು. ಅದೇನೂ ದೊಡ್ಡ ಅನಾಹುತವಲ್ಲ. ಐನೂರು ಒಂದು ದಿನದ ಕೂಲಿ, ನೋವಾಗುತ್ತದೆ. ಅನಾಹುತ ಆಗಿದ್ದು ವಸೂಲಿಯಲ್ಲಿ. ಕ್ಯಾಮೆರಾದಿಂದ ಬಿದ್ದ ಕೇಸುಗಳ ಹಣ ಕಟ್ಟುವವರಿಲ್ಲದೆ ಬಾಕಿ ಬೆಟ್ಟವಾಗಿ, 2023ರ ಫೆಬ್ರುವರಿಯಲ್ಲಿ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರು, ಆಮೇಲೆ ಮತ್ತೆ ಕೊಟ್ಟರು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೊಮ್ಮೆ. ಆಷಾಢದ ಬಟ್ಟೆ ಅಂಗಡಿಯ ರಿಯಾಯಿತಿಯಂತೆ ಇದು ಜನರಿಗೆ ರೂಢಿಯಾಗಿದೆ. ಈಗ ಕಟ್ಟುವವನೇ ದಡ್ಡ ಅನ್ನುವಂತಾಗಿದೆ. ಸ್ಮಾರ್ಟ್ ಸಿಟಿ ಹಣದಲ್ಲಿ ದಾವಣಗೆರೆಗೆ ಕ್ಯಾಮೆರಾ ಬಂದವು, ನಿಯಂತ್ರಣ ಕೇಂದ್ರ ಬಂತು. ಕ್ಯಾಮೆರಾ ಹಿಡಿದದ್ದು ಮೂರು ದಿನದಲ್ಲಿ ಮೊಬೈಲಿಗೆ ಬಂದು, ಮೂರು ತಿಂಗಳಲ್ಲಿ ಕಟ್ಟಲೇಬೇಕಾಗಿ ಬಂದರೆ ಮಾತ್ರ ಅದಕ್ಕೆ ಅರ್ಥ.

ಮನುಷ್ಯರೇ ನಿಂತು ಹಿಡಿಯುವ ಕಡೆ ಬೇರೆ ತೊಂದರೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಬೈಕ್ ತಡೆಯುವಾಗ ಬಿದ್ದು ಮೂರು ವರ್ಷದ ಮಗು ಲಾರಿಯಡಿ ಸಿಕ್ಕು ಸತ್ತಿತು. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಅಪ್ಪ–ಅಮ್ಮ ಅವರು. ಮೂವರು ಎಎಸ್‌ಐಗಳು ಅಮಾನತಾದರು, ವಾಹನ ತಡೆಯುವ ಬಗ್ಗೆ ಪೊಲೀಸ್ ಮಹಾನಿರ್ದೇಶಕರ ಕಚೇರಿಯಿಂದ ಸೂಚನೆ ಹೊರಟಿತು. ತಿರುವಿನ ಮರೆಯಲ್ಲಿ ನಿಂತು ಧುತ್ತೆಂದು ರಸ್ತೆಗೆ ಹಾರುವುದು, ಕೀ ಕಿತ್ತುಕೊಳ್ಳುವುದು, ಓಡಿಸಿಕೊಂಡು ಹೋಗುವುದು ಇವೆಲ್ಲ ಸುರಕ್ಷತೆಯ ಹೆಸರಿನಲ್ಲಿ ಅಪಘಾತ ಹುಟ್ಟಿಸುವ ಕೆಲಸ. ತಪಾಸಣೆ ನೂರಾರು ಮೀಟರ್ ದೂರದಿಂದಲೇ ಕಾಣುವಂತಿರಬೇಕು, ಬೆಳಕಿರಬೇಕು, ವಾಹನ ನಿಧಾನವಾಗುವಂತೆ ಬ್ಯಾರಿಕೇಡ್ ಅಂಕುಡೊಂಕಾಗಿ ಇರಬೇಕು. ಕಂಡರೆ ತಪ್ಪಿಸಿಕೊಳ್ಳುತ್ತಾರಲ್ಲ ಎಂಬ ಪ್ರಶ್ನೆ ಏಳುತ್ತದೆ. ತಪ್ಪಿಸಿಕೊಳ್ಳಲಿ ಬಿಡಿ, ಕುಡಿದು ಓಡಿಸುವವನು ‘ಇವತ್ತು ಆ ಕ್ರಾಸ್‌ನಲ್ಲಿ ನಿಂತಿರ್ತಾರೆ’ ಎಂದು ಗಾಡಿ ಬಿಟ್ಟು ಹೋದರೂ ಕೆಲಸ ಆದಂತೆಯೇ.

ಸಣ್ಣ ಊರಿನ ಠಾಣೆಗೆ ಮತ್ತೊಂದು ಕಷ್ಟ ಇದೆ, ಅದನ್ನು ಬರೆಯುವವರು ಕಡಿಮೆ. ಹಿಡಿದ ಐದು ನಿಮಿಷಕ್ಕೆ ಫೋನ್ ಬರುತ್ತದೆ: ‘ನಮ್ಮ ಹುಡುಗ, ಬಿಡ್ರಿ ಸಾಹೇಬ್ರೆ.’ ಪಂಚಾಯ್ತಿ ಸದಸ್ಯರಿಂದ ಹಿಡಿದು ಇನ್ನೂ ಮೇಲಿನವರೆಗೆ ಯಾರ ಫೋನೂ ಆಗಬಹುದು. ಹೀಗೆ ಫೋನ್ ಇಲ್ಲದವನಿಗೆ ಮಾತ್ರ ಕಾನೂನು ಅನ್ವಯವಾದಾಗ ಇಡೀ ಊರಿಗೆ ಅದರ ಮೇಲಿನ ನಂಬಿಕೆ ಹೋಗುತ್ತದೆ. ಪಿಒಎಸ್ ಯಂತ್ರದಲ್ಲಿ ಬಿದ್ದ ದಂಡವನ್ನು ಹಿಂದಕ್ಕೆ ತೆಗೆಯಲು ಆಗದು ಎಂಬ ನೆಪ ಪೊಲೀಸರಿಗೆ ಒಳ್ಳೆಯ ಗುರಾಣಿ. ಕೈಬರಹದ ರಸೀದಿ, ರಸೀದಿಯೇ ಇಲ್ಲದ ‘ಹೊಂದಾಣಿಕೆ’ ಎಷ್ಟು ಬೇಗ ಪೂರ್ತಿ ನಿಂತರೆ ಅಷ್ಟು ಒಳ್ಳೆಯದು.

ಹಾಗಾದರೆ ದಂಡ, ಜಾಗೃತಿ, ಜಾಗ ಈ ಮೂರನ್ನೂ ಒಂದೆಡೆ ತರುವುದು ಹೇಗೆ? ಹೊಸ ಸಮಿತಿ, ಹೊಸ ಯೋಜನೆ ಏನೂ ಬೇಕಿಲ್ಲ, ಇರುವವೇ ಸಾಕಷ್ಟಿವೆ. 2017ರಿಂದ ರಾಜ್ಯದ ಠಾಣೆಗಳಲ್ಲಿ ಹೊಸ ಬೀಟ್ ವ್ಯವಸ್ಥೆ ಇದೆ. ಪ್ರತಿ ಬೀಟ್‌ಗೆ, ಅಂದರೆ ಠಾಣೆ ವ್ಯಾಪ್ತಿಯ ಒಂದೊಂದು ಸಣ್ಣ ಭಾಗಕ್ಕೆ, ಗೊತ್ತುಮಾಡಿದ ಕಾನ್‌ಸ್ಟೆಬಲ್, ಅವರ ಜೊತೆಗೆ ಊರಿನವರ ಸಮಿತಿ. ಕಳ್ಳತನ, ಜಗಳ, ಗಣಪತಿ ಮೆರವಣಿಗೆ ಇವು ಆ ಸಭೆಗಳ ವಿಷಯ. ರಸ್ತೆಯೂ ಅಲ್ಲಿ ಬರಬೇಕು. ಹೆದ್ದಾರಿಯ ಬದಿಯಲ್ಲೇ ಐಮಂಗಲದಲ್ಲಿ ಪೊಲೀಸ್ ತರಬೇತಿ ಶಾಲೆ ಇದೆ. ಅಲ್ಲಿಂದ ಹೊರಬರುವ ಹುಡುಗರಿಗೆ ಪಾಠಕ್ಕೆ ಬೇಕಾದ ರಸ್ತೆ ಗೇಟಿನ ಆಚೆಯೇ ಇದೆ. ಗ್ರಾಮ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶಾಲೆಗೆ ಹೋಗುವ ದಾರಿಯಲ್ಲಿ ಎಲ್ಲಿ ಹೆದರಿಕೆಯಾಗುತ್ತದೆ ಎಂದು ಆ ಮಕ್ಕಳನ್ನು ಕೇಳಿದರೆ ಎಂಜಿನಿಯರ್ ನಕ್ಷೆಯಲ್ಲಿ ಇಲ್ಲದ್ದು ಸಿಗುತ್ತದೆ: ಯಾವ ತಿರುವಿನಲ್ಲಿ ಜಾಲಿ ಗಿಡ ಬೆಳೆದು ಬಸ್ಸು ಕಾಣುವುದಿಲ್ಲ, ಯಾವ ಖಾಸಗಿ ಬಸ್ಸು ಟೈಮಿಂಗ್ಸ್ ಹಿಡಿಯಲು ಸ್ಟಾಪಿನಲ್ಲಿ ನಿಲ್ಲದೆ ಉರುಳುತ್ತಲೇ ಇಳಿಸುತ್ತದೆ, ಯಾವ ಪೆಟ್ಟಿ ಅಂಗಡಿಯಲ್ಲಿ ಪಾಕೆಟ್ ಮದ್ಯ ಕುಡಿದವರು ಅಲ್ಲೇ ಬೈಕು ಹತ್ತುತ್ತಾರೆ.

ಈ ಮಾಹಿತಿ ಯಾಕೆ ಬೇಕೆಂದರೆ, ಒಂದು ಜಾಗ ಸರ್ಕಾರದ ಕಣ್ಣಿಗೆ ‘ಬ್ಲ್ಯಾಕ್ ಸ್ಪಾಟ್’, ಅಂದರೆ ಪದೇ ಪದೇ ಅಪಘಾತ ಆಗುವ ಜಾಗ, ಆಗಬೇಕಾದರೆ ಅದಕ್ಕೊಂದು ಅರ್ಹತೆ ಬೇಕು. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ ಆಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ಹೊಳಲ್ಕೆರೆಯ ಒಂದು ಹಳ್ಳಿ ರಸ್ತೆಯಲ್ಲಿ ಒಂದೊಂದು ತಿರುವಿಗೆ ಒಬ್ಬೊಬ್ಬರಂತೆ ಸತ್ತರೆ ಆ ರಸ್ತೆ ಯಾವ ಪಟ್ಟಿಗೂ ಸೇರುವುದಿಲ್ಲ. ಪೊಲೀಸರು ಅಪಘಾತದ ವಿವರ ದಾಖಲಿಸುವ ಆ್ಯಪ್ ಬಂದಿದೆ, ಸ್ಥಳದ ಅಕ್ಷಾಂಶ–ರೇಖಾಂಶ ಸಮೇತ ದಾಖಲಾಗುತ್ತದೆ, ಒಳ್ಳೆಯದೇ. ಆದರೆ ಅದರಲ್ಲಿ ಸೇರುವುದು ಪೊಲೀಸರ ತನಕ ಬಂದ ಅಪಘಾತ ಮಾತ್ರ. ಬಿದ್ದು ಕಾಲು ಮುರಿದುಕೊಂಡು ನಾಟಿ ಔಷಧಿ ಕಟ್ಟಿಸಿಕೊಂಡವನು, ಸ್ವಲ್ಪದರಲ್ಲಿ ತಪ್ಪಿಸಿಕೊಂಡವನು ಲೆಕ್ಕಕ್ಕಿಲ್ಲ. ಆ ಲೆಕ್ಕ ಇರುವುದು ಕ್ರಾಸ್‌ನ ಟೀ ಅಂಗಡಿಯವನ ಹತ್ತಿರ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ ಎಸ್‌ಪಿ, ಆರ್‌ಟಿಒ, ಲೋಕೋಪಯೋಗಿ, ಹೆದ್ದಾರಿ ಪ್ರಾಧಿಕಾರ ಎಲ್ಲರೂ ಕೂರುತ್ತಾರೆ. ಈ ಸಮಿತಿಗಳನ್ನು ಕಡ್ಡಾಯ ಮಾಡಿದ್ದು ಸುಪ್ರೀಂ ಕೋರ್ಟ್, 2017ರಲ್ಲಿ. ಸಭೆಯ ಮರುದಿನ ‘ಅಪಘಾತ ತಡೆಗೆ ಕ್ರಮ ವಹಿಸಿ: ಡಿಸಿ ಸೂಚನೆ’ ಎಂಬ ತಲೆಬರಹ ಬರುತ್ತದೆ. ಯಾವ ಜಾಗಕ್ಕೆ, ಯಾವ ಅಧಿಕಾರಿಗೆ, ಎಷ್ಟು ದಿನದೊಳಗೆ ಎಂಬ ಮೂರು ಕಾಲಂನ ಪಟ್ಟಿಯೊಂದನ್ನು ಪಂಚಾಯ್ತಿ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಆ ತಲೆಬರಹಕ್ಕೆ ಜೀವ ಬರುತ್ತದೆ. ರಸ್ತೆಯ ವಿನ್ಯಾಸ, ನಿರ್ವಹಣೆಯ ಲೋಪದಿಂದ ಸಾವಾದರೆ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರಕ್ಕೆ ಒಂದು ಲಕ್ಷದವರೆಗೆ ದಂಡ ಹಾಕಲು 2019ರ ತಿದ್ದುಪಡಿಯಲ್ಲಿ 198ಎ ಎಂಬ ಕಲಂ ಇದೆ. ಹೆಲ್ಮೆಟ್ ದಂಡ ಗೊತ್ತಿರುವ ನೂರು ಜನರಲ್ಲಿ ಈ ಕಲಂ ಗೊತ್ತಿರುವವರು ಒಬ್ಬರು ಸಿಕ್ಕರೆ ಹೆಚ್ಚು.

ದಾವಣಗೆರೆಗೆ ಇದರ ಒಂದು ಕಹಿ ಅನುಭವ ಇದೆ. 2021ರ ಜನವರಿ 15, ಸಂಕ್ರಾಂತಿಯ ಮರುದಿನ. ಗೋವಾಕ್ಕೆ ಹೊರಟಿದ್ದ ಇಲ್ಲಿನ ಶಾಲಾ ಗೆಳತಿಯರ ಟೆಂಪೊ ಟ್ರಾವೆಲರ್ ಹುಬ್ಬಳ್ಳಿ–ಧಾರವಾಡ ಬೈಪಾಸ್‌ನ ಇಟಿಗಟ್ಟಿ ಬಳಿ ಟಿಪ್ಪರ್‌ಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಹಿಂದೆಯೂ ಮುಂದೆಯೂ ಅಗಲವಾದ ಹೆದ್ದಾರಿ, ನಡುವೆ ಆ ಮೂವತ್ತು ಕಿಲೋಮೀಟರ್ ಮಾತ್ರ ಡಿವೈಡರ್ ಇಲ್ಲದ ಇಕ್ಕಟ್ಟಿನ ದ್ವಿಪಥ. ಮೃತರ ಮನೆಯವರು, ಸ್ನೇಹಿತರು ಕೆಲವೇ ವಾರಗಳಲ್ಲಿ ಅದೇ ಜಾಗಕ್ಕೆ ಹೋಗಿ ಧರಣಿ ಕೂತರು. ಮರು ವರ್ಷ ಅಗಲೀಕರಣಕ್ಕೆ ಶಂಕುಸ್ಥಾಪನೆಯಾಯಿತು. ಅವರು ಕೇಳಿದ್ದು ‘ಜಾಗೃತಿ ಮೂಡಿಸಿ’ ಎಂದಲ್ಲ. ಈ ರಸ್ತೆ, ಈ ಜಾಗ, ಅಗಲ ಮಾಡಿ ಎಂದು. ಅವರಲ್ಲಿ ವೈದ್ಯರಿದ್ದರು, ಓದಿದವರಿದ್ದರು, ದಿಲ್ಲಿಯವರೆಗೆ ಸುದ್ದಿಯಾಯಿತು. ಲಗೇಜ್ ಆಟೊ ಪಲ್ಟಿಯಾಗಿ ಸತ್ತ ಕೂಲಿ ಹೆಂಗಸಿನ ಮನೆಯವರಿಗೆ ಆ ಬಲ ಇಲ್ಲ. ಅವರ ಪರವಾಗಿ ಅಷ್ಟೇ ಖಚಿತವಾಗಿ ಕೇಳುವ ಕೆಲಸ ಪಂಚಾಯ್ತಿಯದು, ಸಂಘಗಳದು. ಸಾವಿರಾರು ಜನ ಸೇರುವ ಮಠಗಳೂ, ಜಾತ್ರೆಗಳೂ ನಮ್ಮಲ್ಲಿವೆ. ಸಿರಿಗೆರೆ ಮಠ ಹೆದ್ದಾರಿಯಿಂದ ಹೆಚ್ಚು ದೂರವಿಲ್ಲ, ನಾಯಕನಹಟ್ಟಿ ಜಾತ್ರೆಗೆ ಟ್ರ್ಯಾಕ್ಟರ್‌ಗಳಲ್ಲೇ ಜನ ಬರುತ್ತಾರೆ. ಟ್ರೇಲರ್ ಹಿಂದೆ ರೇಡಿಯಂ ಪಟ್ಟಿ ಅಂಟಿಸಲು ಜಾತ್ರೆಯ ಪಾರ್ಕಿಂಗ್‌ಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಮುನ್ನೂರು ಭಾಷಣಕ್ಕಿಂತ ಒಂದು ರೋಲ್ ರೇಡಿಯಂ ಹೆಚ್ಚು ಜೀವ ಉಳಿಸೀತು.

ಅಪಘಾತ ಆದ ಮೇಲಿನ ಮಾತು ಸ್ವಲ್ಪ. ಮೊದಲು ಓಡಿ ಬರುವವರು ಢಾಬಾ ಹುಡುಗರು, ಪಂಕ್ಚರ್ ಅಂಗಡಿಯವರು, ಪಕ್ಕದ ಹೊಲದವರು. ‘ಮುಟ್ಟಿದ್ರೆ ಸಾಕ್ಷಿ ಅಂತ ಕೋರ್ಟಿಗೆ ಅಲೆಸ್ತಾರೆ’ ಎಂಬ ಭಯ ಇನ್ನೂ ಹೋಗಿಲ್ಲ. ಆದರೆ ನೆರವಾದವರಿಗೆ ರಕ್ಷಣೆ ಕೊಡುವ ಕಾಯ್ದೆಯನ್ನು ದೇಶದಲ್ಲಿ ಮೊದಲು ಮಾಡಿದ್ದೇ ಕರ್ನಾಟಕ. 2016ರಲ್ಲಿ ಅಂಗೀಕಾರ, 2018ರಲ್ಲಿ ರಾಷ್ಟ್ರಪತಿ ಅಂಕಿತ. ಮೋಟಾರು ವಾಹನ ಕಾಯ್ದೆಗೂ 134ಎ ಸೇರಿದೆ. ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಇದೆ: ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಗುರುತು ಸಿಗದ ವಾಹನ ಡಿಕ್ಕಿ ಹೊಡೆದು ಹೋದರೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ಪರಿಹಾರ. ರಾತ್ರಿ ಹೊತ್ತು ಹೆದ್ದಾರಿಯಲ್ಲಿ ನಡೆದು ಹೋಗುವಾಗ ಸತ್ತವರ ಮನೆಯವರಿಗೆ ಇದೊಂದೇ ಆಸರೆ, ಅರ್ಜಿ ಹಾಕುವವರು ಬಹಳ ಕಡಿಮೆ. 108, 112ರ ಜೊತೆ ಹೆದ್ದಾರಿಯ 1033 ಸಂಖ್ಯೆಯನ್ನು ಢಾಬಾ ಗೋಡೆಗೆ ಬರೆಸುವ ಖರ್ಚು ಒಂದು ಫ್ಲೆಕ್ಸಿಗಿಂತ ಕಡಿಮೆ.

ಕೊನೆಗೆ ಅಳತೆಯ ಪ್ರಶ್ನೆ. ಈಗ ಠಾಣೆಯ ಕೆಲಸವನ್ನು ಅಳೆಯುವುದು ತಿಂಗಳಿಗೆ ಎಷ್ಟು ಕೇಸು, ಎಷ್ಟು ರೂಪಾಯಿ ಎಂದು. ಕೇಸು ಹೆಚ್ಚಬೇಕಾದರೆ ಸುಲಭವಾಗಿ ಸಿಗುವ ಕಡೆ ನಿಲ್ಲಬೇಕು, ಅದು ಪೇಟೆಯ ಸರ್ಕಲ್ಲು. ಅದರ ಬದಲು ಎಣಿಸಬೇಕಾದ್ದು ಬೇರೆ. ಸಂಜೆ ಆರೂವರೆಯಿಂದ ಏಳೂವರೆಯವರೆಗೆ ಒಂದು ಹಳ್ಳಿ ಕ್ರಾಸ್‌ನಲ್ಲಿ ಹೋದ ಬೈಕು ಎಷ್ಟು, ಬಕಲ್ ಹಾಕಿದ ಹೆಲ್ಮೆಟ್ ಎಷ್ಟು, ರಾಂಗ್ ಸೈಡ್ ಎಷ್ಟು, ದೀಪವಿಲ್ಲದ ಟ್ರೇಲರ್ ಎಷ್ಟು. ಇದಕ್ಕೆ ಕ್ಯಾಮೆರಾ ಬೇಡ. ಎನ್‌ಎಸ್‌ಎಸ್‌ನ ಇಬ್ಬರು ಪಿಯು ಹುಡುಗರು, ಒಂದು ನೋಟ್‌ಬುಕ್ಕು, ರಸ್ತೆಯಿಂದ ದೂರ ಕೂರಲು ಒಂದು ಜಾಗ. ಬೀಟ್ ಸಭೆ, ತಪಾಸಣೆ ಶುರುವಾಗುವ ಮುನ್ನ ಒಮ್ಮೆ, ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಎಣಿಸಲಿ. ಸಂಖ್ಯೆ ಬದಲಾಗದಿದ್ದರೆ ತಪಾಸಣೆಯ ಹೊತ್ತು ಬದಲಿಸಬೇಕು. ಆಗಲೂ ಬದಲಾಗದಿದ್ದರೆ ಆ ಕ್ರಾಸ್‌ಗೆ ಎಂಜಿನಿಯರನ್ನು ಕರೆಸಬೇಕು.